ಮಾವಿನ ಚಿಗುರಿನ ಸೀರೆ

ಮೊನ್ನೆ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎಲೆಯಡಿಕೆ ಚೀಲ ಬಿಚ್ಚಿದರು. ಎಲೆಯ ಬೆನ್ನಿಗೆ ಬೆರಳ ತುದಿಯಿಂದ ಸುಣ್ಣ ಸವರಿ, ಅಡಿಕೆ ಚೂರಿಟ್ಟು ಮಡಿಚಿ, ಬಾಯಿಗೆ ಹಾಕಿಕೊಳ್ಳುವ ಮೊದಲು ನನ್ನ ಕಡೆಗೂ ಒಂದು ಎಲೆ ಚಾಚಿ, "ಆಕ್ಕತೀಯೇನವ್ವಾ?" ಎಂದರು. ಬೇಡವೆಂದು ತಲೆಯಾಡಿಸಿದೆ. ಆದರೆ ಹಸಿ ಸುಣ್ಣದ ವಾಸನೆಯೂ ಅಡಿಕೆಯ ಒಗರು ವಾಸನೆಯೂ ಒಟ್ಟಿಗೆ ಮೂಗಿಗೆ ಬಂದಿದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿ ನನ್ನನ್ನು ಒಂಥರಾ ನೋಡಿ ಕಿಟಕಿ ಕಡೆ ತಿರುಗಿಕೊಂಡರು. ಅವರಿಗೆ ಹೇಗೆ ಹೇಳಲಿ, ಇವೇ ಎರಡು ವಾಸನೆಗಳ ನಡುವೆ ನಾನು ಒಂದು ಇಡೀ ಆಷಾಢ ಕಳೆದಿದ್ದೇನೆಂದು?

ನಾನು ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಕೈಹೊಲಿಗೆ, ಕಸೂತಿ ಹೇಳಿಕೊಡುವವಳು. ಅದು ಹೊಟ್ಟೆಪಾಡು. ಹುಚ್ಚು ಮಾತ್ರ ಬೇರೆ, ಹಳೇ ಬಟ್ಟೆಯದು. ಯಾರದೋ ತಾತನ ಪಂಚೆ, ಅಂಚು ಜೂಲಾದ ಹಾಸು, ಕ್ರೋಶ ಹಾಕಿದ ದಿಂಬಿನ ಕವರು, ಹೀಗೆ ಸಿಕ್ಕಿದ್ದನ್ನೆಲ್ಲ ತಂದು ಸಿಪ್ಪೆ, ಸೊಪ್ಪು, ಕಾಯಿಗಳ ಬಣ್ಣದಲ್ಲಿ ಅದ್ದಿ, ತುಂಡು ಜೋಡಿಸಿ, ಗೋಡೆಗೆ ತೂಗುಹಾಕುವಂಥ ಚಿತ್ರ ಹೊಲಿಯುತ್ತೇನೆ. ಹೊಸ ಬಟ್ಟೆ ಯಾಕಾಗಬಾರದು ಎಂದು ಎಲ್ಲರೂ ಕೇಳುತ್ತಾರೆ. ವರ್ಷಗಟ್ಟಲೆ ಒಗೆಸಿಕೊಂಡ ಹತ್ತಿಬಟ್ಟೆಯಲ್ಲಿ ಗಂಜಿ, ಜಿಡ್ಡು, ಬಿಗುಮಾನ ಯಾವುದೂ ಉಳಿದಿರುವುದಿಲ್ಲ. ಬಣ್ಣವನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಸೂಜಿಯೂ ತಕರಾರಿಲ್ಲದೆ ಇಳಿಯುತ್ತದೆ. ಇದಕ್ಕಿಂತ ಹೆಚ್ಚಾಗಿ, ಒಂದೇ ಮನೆಯ ಎರಡು ಪಂಚೆಗಳನ್ನು ಒಂದೇ ಪಾತ್ರೆಯಲ್ಲಿ ಅದ್ದಿದರೂ ಒಂದು ಜೇನಿನ ಬಣ್ಣಕ್ಕೆ, ಇನ್ನೊಂದು ಕಾಫಿ ಬಣ್ಣಕ್ಕೆ ತಿರುಗುತ್ತದಲ್ಲ, ಯಾಕೆ? ಆ ಯಾಕೆಯ ಹಿಂದೆ ಹೋಗುವುದೇ ನನಗೆ ಖುಷಿ.

ಈ ಖುಷಿ ಬಾಡಿಗೆ ಮನೆಯ ತಾರಸಿಯಲ್ಲಿ ನಡೆಯುತ್ತಿತ್ತು. ಆ ಆಷಾಢದ ವರ್ಷ, ಬಣ್ಣ ಕಪ್ಪಾಗಿಸಲೆಂದು ತುಕ್ಕು ಕಬ್ಬಿಣ ನೆನೆಹಾಕಿದ್ದ ಬಕೆಟ್ಟು ಮಗುಚಿಕೊಂಡು, ಕರಿ ನೀರು ಓನರ್ ಮನೆಯ ಹೊಸ ಪೇಂಟಿನ ಗೋಡೆಯುದ್ದಕ್ಕೂ ಇಳಿಯಿತು. "ಇದೇನು ಮೇಡಂ, ಮನೆನಾ ಫ್ಯಾಕ್ಟರಿನಾ?" ಎಂದು ಅವರು ಕೇಳಿದರು. ಪಾತ್ರೆಪಗಡ, ಬಟ್ಟೆಗಂಟು ಕಟ್ಟಿಕೊಂಡು ದಂಡಿಗನಹಳ್ಳಿ ಹತ್ತಿರದ ದೊಡ್ಡವ್ವನ ಮನೆಗೆ ಹೊರಟೆ. ಅಲ್ಲಿ ಹಿತ್ತಿಲಲ್ಲಿ ಹಂಡೆ ಒಲೆಯಿತ್ತು, ಉರಿಸಲು ಬೇಕಾದಷ್ಟು ತೆಂಗಿನ ಮಟ್ಟೆಯಿತ್ತು, ಪೇಂಟಿನ ಗೋಡೆ ಇರಲಿಲ್ಲ.

ದೊಡ್ಡವ್ವ ಎಂದರೆ ನಮ್ಮಮ್ಮನ ಅಕ್ಕ, ರುದ್ರಮ್ಮ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ, ಎರಡರ ನಡುವೆ ಬಿಡುವಿಲ್ಲದ ಮಾತು. ಮಗ ಮಹೇಶಣ್ಣನದು ದಂಡಿಗನಹಳ್ಳಿಯಲ್ಲಿ ಹಿಂಡಿ ಬೂಸದ ಅಂಗಡಿ. ಅವನ ಹೆಂಡತಿ ಶೋಭ, ನನಗೆ ಶೋಭತ್ತಿಗೆ. ನನ್ನ ಗಂಟು ನೋಡಿ ದೊಡ್ಡವ್ವ ಗಲ್ಲಕ್ಕೆ ಕೈಯಿಟ್ಟುಕೊಂಡಳು.

"ಅಲ್ಲ ಕಣಮ್ಮಿ ಸುಮಿ, ಬಣ್ಣ ಓಯ್ತು ಅಂತ ಜನ ಬಟ್ಟೆ ಬಿಸಾಕ್ತಾರೆ. ನೀನು ಬಿಸಾಕಿದ್ ಬಟ್ಟೆಗೆ ಬಣ್ಣ ಆಕ್ತೀನಿ ಅಂತೀಯಲ್ಲ, ನಿನ್ ಗಂಡ ಏನೂ ಅನ್ನಕಿಲ್ವಾ?"

"ಏನಂತಾರೆ ದೊಡ್ಡವ್ವ, ಅವರ ಪಂಚೆನೂ ಅದ್ದಿಯಾಗಿದೆ."

ನನಗೆ ಊರಿನಲ್ಲಿ ಒಬ್ಬ ಎದುರಾಳಿಯೂ ಸಿಕ್ಕಳು. ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವಳು. ಮಕ್ಕರಿ ಹೊತ್ತು ಬಂದವಳಿಗೆ ಬೀದಿಯ ಅರ್ಧ ಬಟ್ಟೆ ಆಗಲೇ ನನ್ನ ಪಾಲಾಗಿರುವುದು ಗೊತ್ತಾಗಿ, "ನೀವು ಏನ್ ಪಾತ್ರೆ ಕೊಡ್ತೀರಿ?" ಎಂದು ಜಗಲಿ ಮೇಲೆ ಕೂತು ವಿಚಾರಿಸಿದಳು. ಏನೂ ಕೊಡುವುದಿಲ್ಲ, ಬಣ್ಣ ಹಾಕಿ ಗೋಡೆಗೆ ನೇತುಹಾಕುತ್ತೇನೆ ಎಂದೆ. ಅವಳು ದೊಡ್ಡವ್ವನನ್ನು ನೋಡಿದಳು. ದೊಡ್ಡವ್ವ, "ಓದಿರೋರು ಕಣವ್ವ" ಎಂದು ನನ್ನ ಪರವಾಗಿ ಕ್ಷಮೆ ಕೇಳುವ ಹಾಗೆ ಹೇಳಿದಳು.

ಆ ಕಡೆ ಆಷಾಢ ಎಂದರೆ ಮಳೆಗಿಂತ ಗಾಳಿ. ಹಾಸನದ ಕಡೆಯಿಂದ ಮೋಡ ತುಂಬಿಕೊಂಡು ಬರುತ್ತದೆ, ನಮ್ಮ ತಲೆಯ ಮೇಲೆ ನಿಲ್ಲದೆ ಓಡುತ್ತದೆ, ಎಲ್ಲೋ ಹಿರೀಸಾವೆ ದಾಟಿ ಮರೆಯಾಗುತ್ತದೆ. ನಡುನಡುವೆ ಒಂದು ತುಂತುರು. ಬಣ್ಣ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬಿಸಿಲು ಬಣ್ಣ ತಿನ್ನುವುದಿಲ್ಲ, ಗಾಳಿಗೆ ಬಟ್ಟೆ ಬೇಗ ಒಣಗುತ್ತದೆ. ತೊಂದರೆ ಕೊಟ್ಟದ್ದು ನೀರು. ಬೋರ್‌ವೆಲ್ ನೀರಲ್ಲಿ ಅದ್ದಿದ ಬಟ್ಟೆಯೆಲ್ಲ ಮಂಕು ಮಂಕಾಗಿ ಮೇಲೆ ಬರುತ್ತಿತ್ತು. ತುಂತುರು ಬಿದ್ದಾಗ ಶೀಟಿನ ಕೆಳಗೆ ಡ್ರಮ್ಮಿಟ್ಟು ಹಿಡಿದ ನೀರಲ್ಲಿ ಅದೇ ಈರುಳ್ಳಿ ಸಿಪ್ಪೆ ಬೇಯಿಸಿದರೆ ಬಂಗಾರದ ಹಳದಿ. ನಾನು ಎರಡನ್ನೂ ಅಕ್ಕಪಕ್ಕ ಹಿಡಿದು ಕುಣಿದೆ. ಮಹೇಶಣ್ಣ ಹಲ್ಲುಜ್ಜುತ್ತ ನಿಂತು ನೋಡಿ, "ಈರುಳ್ಳಿ ಸಿಪ್ಪೆಗೆ ಇಷ್ಟೊಂದು ಕುಣಿಯೋರ್ನ ಇವತ್ತೇ ನೋಡಿದ್ದು ಕಣಮ್ಮ" ಎಂದು ಅಂಗಡಿಗೆ ಹೋದ.

ಒಂದು ಮಧ್ಯಾಹ್ನ ದೊಡ್ಡವ್ವ ಒಳಗಿನಿಂದ ಒಂದು ಸೀರೆ ತಂದು ನನ್ನ ಮಡಿಲಿಗೆ ಹಾಕಿದಳು. ಕೈಮಗ್ಗದ ಹತ್ತಿ ಸೀರೆ, ಮೆತ್ತಗೆ, ಬಣ್ಣವೇ ಇಲ್ಲ ಎನ್ನುವಷ್ಟು ಮಾಸಿದ್ದು.

"ನಮ್ಮವ್ವುಂದು. ಇದ್ಕೆ ಮೊದ್ಲಿದ್ ಬಣ್ಣ ಆಕ್ಕೊಡು."

"ಮೊದಲು ಯಾವ ಬಣ್ಣ ಇತ್ತು ದೊಡ್ಡವ್ವ?"

"ಮಾವಿನ ಚಿಗುರು."

ಯಾಕೆ ಈಗ ಎಂದು ಕೇಳಿದೆ. ಕಾರಣ ಹೇಳಿದವಳು ಶೋಭತ್ತಿಗೆ. ದೊಡ್ಡವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಾಸನದ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಎಂದು ಕರೆದುಕೊಂಡು ಹೊರಟಾಗಲೆಲ್ಲ ಅವಳಿಗೆ ಹೊಟ್ಟೆನೋವೋ, ನೆಂಟರ ಮನೆಯ ತಿಥಿಯೋ ಬಂದುಬಿಡುತ್ತಿತ್ತು. ಯಾರದೋ ಕಣ್ಣು ಆಪರೇಷನ್ನಿನಲ್ಲೇ ಹೋಯಿತಂತೆ ಎಂದು ಸಂತೆಯಲ್ಲಿ ಕೇಳಿದ ಮಾತು ತಲೆಯಲ್ಲಿ ಕೂತಿತ್ತು. ಇನ್ನು ತಡ ಮಾಡಿದರೆ ಪೊರೆ ಬಲಿತು ಕಷ್ಟವಾಗುತ್ತದೆ ಎಂದು ಡಾಕ್ಟರು ಮಹೇಶಣ್ಣನಿಗೆ ಗದರಿ ಕಳಿಸಿದ್ದರು.

"ಅದೇ ಕಣಮ್ಮಿ," ಎಂದಳು ದೊಡ್ಡವ್ವ, ಸೊಸೆಯ ಮಾತು ಮುಗಿದ ಮೇಲೆ. "ಓದ್ರೆ ಓಗ್ಲಿ ಕಣ್ಣು. ನಮ್ಮವ್ವನ ಸೀರೆ ಬಣ್ಣ ಒಂದ್ಸಲ ನೋಡ್ಬುಟ್ಟು ಓಗ್ಲಿ. ನೀನು ಅದ್ನ ತೋರ್ಸು, ನಾನು ಆವತ್ತೇ ಆಸ್ಪತ್ರೆಗೆ ಬತ್ತೀನಿ. ತೋರ್ಸ್ನಿಲ್ವಾ, ಬರಾಕಿಲ್ಲ."

ಆ ಸಂಜೆ ಮಹೇಶಣ್ಣ ಹಿತ್ತಿಲಿಗೆ ಬಂದು ನನ್ನ ಹತ್ತಿರ ತಗ್ಗಿದ ದನಿಯಲ್ಲಿ, "ಏನಾರ ಮಾಡು ಸುಮಿ, ಬಣ್ಣ ಬರ್ಸು" ಎಂದ. ಈರುಳ್ಳಿ ಸಿಪ್ಪೆಗೆ ನಕ್ಕಿದ್ದವನು ಮಾರನೇ ದಿನ ಹಿರೀಸಾವೆಯ ಹೋಟೆಲೊಂದರಿಂದ ಮೂಟೆ ತುಂಬ ಸಿಪ್ಪೆ ಹೇರಿಕೊಂಡು ಬಂದ.

ಮಾವಿನ ಚಿಗುರು ಎಂದರೆ ಯಾವ ಬಣ್ಣ? ಹಿತ್ತಿಲ ಮಾವಿನ ಮರ ಫಸಲು ಮುಗಿಸಿ ಹೊಸದಾಗಿ ಚಿಗುರಿತ್ತು. ಶೋಭತ್ತಿಗೆ ಒಂದು ಕೊಂಬೆ ಮುರಿದು ತಂದಳು. ತುದಿಯ ಎಲೆ ತಾಮ್ರದ ಕೆಂಪು, ಅದರ ಕೆಳಗಿನದು ನಸುಗೆಂಪು, ಅದರ ಕೆಳಗಿನದು ಆಗಲೇ ಹಸಿರಾಗಲು ಹೊರಟಿತ್ತು. "ಇದ್ರಲ್ಲಿ ಯಾವ್ದು ಅತ್ತೆ?" ದೊಡ್ಡವ್ವ ಕೊಂಬೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದು ಎಲೆ ಕಿತ್ತು, "ಇದು" ಎಂದಳು. ಸುಮ್ಮನಿರಲಾರದೆ ನಾನು ಊಟವಾದ ಮೇಲೆ ಅದೇ ಕೊಂಬೆಯನ್ನು ಮತ್ತೆ ಹಿಡಿದೆ. ಈ ಸಲ ಬೇರೆ ಎಲೆ ಕಿತ್ತಳು, ಅದೇ ಧೈರ್ಯದಲ್ಲಿ.

ಸೀರೆಯನ್ನು ಮುಟ್ಟುವ ಮೊದಲು ಬೇರೆ ಹಳೇ ಪಂಚೆಯ ತುಂಡುಗಳ ಮೇಲೆ ಪ್ರಯೋಗ ಶುರುವಾಯಿತು. ಒಮ್ಮೆ ಹಾಕಿದ ಬಣ್ಣವನ್ನು ತೆಗೆಯಲು ಬರುವುದಿಲ್ಲ, ಇರುವುದು ಒಂದೇ ಸೀರೆ. ತೆಂಗಿನ ಮಟ್ಟೆ ಬೇಯಿಸಿದೆ, ದಾಳಿಂಬೆ ಸಿಪ್ಪೆ ಬೇಯಿಸಿದೆ, ಅಡಿಕೆ ಚೂರು ಬೇಯಿಸಿದೆ. ಪ್ರತಿ ಬೆಳಿಗ್ಗೆ ತಲೆಬಾಗಿಲ ಬೆಳಕಿನಲ್ಲಿ ದೊಡ್ಡವ್ವನ ಮುಂದೆ ತುಂಡುಗಳನ್ನು ಹರವುತ್ತಿದ್ದೆ. ಅವಳು ಒಂದೊಂದನ್ನೇ ಎತ್ತಿ ತೀರ್ಪು ಕೊಡುತ್ತಿದ್ದಳು. "ಇದು ರಾಗಿ ಅಂಬ್ಲಿ." "ಇದು ಇಟ್ಟಿಗೆ." "ಇದೇನಮ್ಮಿ, ಎಮ್ಮೆ ಮೈ ತೊಳ್ದ ನೀರಾ?" ಅಡಿಕೆಯದು ಮಾತ್ರ ಸ್ವಲ್ಪ ಹತ್ತಿರ ಬಂತು. "ಇನ್ನೂ ಕೆಂಪಗಿರ್ಬೇಕು" ಎಂದಳು. ಎಷ್ಟು ಕುದಿಸಿದರೂ ಅವಳ ಕೆಂಪು ಬರಲೇ ಇಲ್ಲ.

ಹೀಗೇ ತಲೆ ಕೆಡಿಸಿಕೊಂಡು ಸೀರೆಯನ್ನು ತಿರುವಿ ಹಾಕುತ್ತಿದ್ದಾಗ ಸೆರಗಿನ ತುದಿ ಕಣ್ಣಿಗೆ ಬಿತ್ತು. ಅಂಚನ್ನು ಎರಡು ಮಡಿಕೆ ಮಡಿಚಿ ಕೈಯಲ್ಲಿ ಹೊಲಿದಿದ್ದರು. ಮಡಿಕೆಯ ಒಳಗೆ ಬಿಸಿಲೂ ಸೋಪೂ ಹೋಗಿರಲಾರದಲ್ಲ ಎಂದು ಹೊಳೆದದ್ದೇ ಸೂಜಿ ತುದಿಯಿಂದ ಹೊಲಿಗೆ ಬಿಚ್ಚಿದೆ. ಒಳಗೆ, ಬೆರಳಗಲದ ಜಾಗದಲ್ಲಿ, ಮೊದಲ ಬಣ್ಣ ಹಾಗೇ ಕೂತಿತ್ತು. ತಾಮ್ರಕ್ಕೆ ಒಂಚೂರು ಗುಲಾಬಿ ಸೇರಿದಂಥ ಬಣ್ಣ. ಮರದಿಂದ ಆಗಷ್ಟೇ ಕಿತ್ತ ಚಿಗುರಿನ ತುದಿಯ ಎಲೆ ಪಕ್ಕ ಇಟ್ಟರೆ ಎರಡೂ ಅಕ್ಕತಂಗಿಯರು. ಕೂಗಿಕೊಂಡು ಒಳಗೆ ಓಡಿದೆ.

ದೊಡ್ಡವ್ವ ಆ ಮಡಿಕೆಯನ್ನು ಕಣ್ಣಿಗೆ ಒತ್ತಿ ನೋಡಿದಳು.

"ಇದ್ಯಾವ್ದೋ ಮಣ್ಣು ಬಣ್ಣ. ನಮ್ಮವ್ವ ಇಂಥದ್ನ ಉಡ್ತಿರ್ಲಿಲ್ಲ."

"ದೊಡ್ಡವ್ವ, ಇದು ಅದೇ ಸೀರೆ. ಒಳಮಡಿಕೆ."

"ಸೀರೆ ಅದೇ. ಬಣ್ಣ ಅದಲ್ಲ."

ಆಗಲೇ ಶೋಭತ್ತಿಗೆ ತಂತಿಯಿಂದ ತೆಗೆದ ಬಟ್ಟೆ ರಾಶಿ ತಂದು ಹಾಕಿದಳು. ದೊಡ್ಡವ್ವ ಅದರಿಂದ ಮಹೇಶಣ್ಣನ ಬಿಳೀ ಅಂಗಿ ಎತ್ತಿ, "ನೋಡು, ಅಳ್ದಿಗಟ್ಟೋಗೈತೆ. ಸೋಪು ಆಕಿ ಒಗ್ದಿದ್ದೀಯೋ, ಸುಮ್ನೆ ನೆನ್ಸಿ ಇಂಡ್ದ್ಯೋ?" ಎಂದು ಗೊಣಗಿದಳು. ಅಂಗಿ ನನ್ನ ಕಣ್ಣಿಗೆ ಬಿಳಿ ಮಾತ್ರವಲ್ಲ, ನೀಲಿ ಹಾಕಿ ಹಾಕಿ ನಸು ನೀಲಿಯೇ ಆಗಿತ್ತು. ನಾನು ನನ್ನ ಚೀಲದಿಂದ ಹೊಚ್ಚ ಹೊಸ ಬಿಳಿ ಬಟ್ಟೆ ತೆಗೆದು ಕೊಟ್ಟೆ. ಅದೂ ಹಳದಿಯಂತೆ. ಕರೀ ದಾರ, ನೀಲಿ ದಾರ ಎರಡನ್ನೂ ಹಿಡಿದೆ. ಎರಡೂ ಕಪ್ಪಂತೆ.

ಪೊರೆ ಬಂದರೆ ಮಬ್ಬಾಗುತ್ತದೆ ಎಂದಷ್ಟೇ ತಿಳಿದಿದ್ದೆ. ಅದು ಎಲ್ಲದರ ಮೇಲೂ ಹಳದಿ ಗಾಜಿಟ್ಟ ಹಾಗೆ ಕೂತಿರುತ್ತದೆ ಎಂದು ಆವತ್ತೇ ಗೊತ್ತಾಗಿದ್ದು. ನನಗೆ ಬೆರಗು, ಆದರೆ ಶೋಭತ್ತಿಗೆಗೆ ಬಂದದ್ದು ಬೇರೆಯೇ. "ಅಯ್ಯೋ ನನ್ ಶಿವನೇ!" ಎಂದು ನೆಲದ ಮೇಲೆ ಕೂತುಬಿಟ್ಟಳು. "ಒಂದ್ ವರ್ಷದಿಂದ ಬೈಸ್ಕಂಡೀವ್ನಿ ಸುಮಿ. ನೀಲಿ ಆಕಿ ಆಕಿ ನನ್ ಬೆರಳೇ ನೀಲಿ ಆಗೋಗವೆ. ಅಂಗಾರೆ ಬಟ್ಟೆ ಬೆಳ್ಳಗೇ ಇದ್ವಾ?"

"ಕಣ್ ಸರ್ಯಾಗಿಲ್ದೇ ಇದ್ರೂ ಕೊಳೆ ಕಾಣ್ಸಕಿಲ್ವಾ ನಂಗೆ?" ಎಂದು ದೊಡ್ಡವ್ವ ಎದ್ದು ಹೋದಳು.

ನಾನು ಸಿಕ್ಕಿಹಾಕಿಕೊಂಡೆ. ಮಡಿಕೆಯಲ್ಲಿದ್ದ ಬಣ್ಣ ಬರಿಸಿದರೆ ದೊಡ್ಡವ್ವ ಒಪ್ಪುವುದಿಲ್ಲ, ಒಪ್ಪದಿದ್ದರೆ ಆಸ್ಪತ್ರೆಗೆ ಬರುವುದಿಲ್ಲ. ಅವಳ ಕಣ್ಣಿಗೆ ಸರಿಯಾಗಿ ಕಾಣುವ ಹಾಗೆ ಕೆಂಪು ಏರಿಸಿದರೆ ಆಸ್ಪತ್ರೆಗೆ ಬರುತ್ತಾಳೆ, ಆದರೆ ಪೊರೆ ತೆಗೆದ ಮರುದಿನ ಅದೇ ಸೀರೆ ಬೇರೆ ಯಾರದೋ ಸೀರೆಯಾಗಿ ಕಾಣುತ್ತದೆ. ಯಾವ ಕಣ್ಣಿಗೆ ಬಣ್ಣ ಹಾಕಬೇಕು? ಏನೂ ತೀರ್ಮಾನವಾಗದೆ, ಬಿಚ್ಚಿದ ಮಡಿಕೆಗೆ ಪ್ಲಾಸ್ಟಿಕ್ ಸುತ್ತಿ ದಾರದಿಂದ ಬಿಗಿಯಾಗಿ ಕಟ್ಟಿದೆ. ಹೋಲಿಸಿ ನೋಡಲು ಅಷ್ಟಾದರೂ ಬಣ್ಣ ಹತ್ತದೆ ಉಳಿಯಲಿ ಎಂದು. ಉಳಿದ ಸೀರೆಯನ್ನು ತೆಳ್ಳಗಿನ ಅಡಿಕೆ ನೀರಿನಲ್ಲಿ ನೆನೆಹಾಕಿ, ಬಣ್ಣ ಹಿಡಿಸುವ ಪಟಿಕ ತರುವ ನೆಪದಲ್ಲಿ ಚನ್ನರಾಯಪಟ್ಟಣಕ್ಕೆ ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ ಯೋಚಿಸಲು ಹೊತ್ತು ಬೇಕಿತ್ತು.

ವಾಪಸ್ ಬಂದಾಗ ಹಿತ್ತಿಲ ಬಾಗಿಲಲ್ಲೇ ಹಸಿ ಸುಣ್ಣದ ವಾಸನೆ ಬಡಿಯಿತು. ದೊಡ್ಡವ್ವ ಪಾತ್ರೆಯ ಪಕ್ಕ ಕೂತು ಬಿದಿರು ಕೋಲಿನಲ್ಲಿ ಸೀರೆ ತಿರುವುತ್ತಿದ್ದಳು. ಪಕ್ಕದಲ್ಲಿ ಅವಳ ಸುಣ್ಣದ ಡಬ್ಬಿ ಬಾಯ್ತೆರೆದು ಬಿದ್ದಿತ್ತು. ಖಾಲಿ.

"ದೊಡ್ಡವ್ವಾ! ಏನ್ ಮಾಡ್ದೆ?"

"ನೀನು ಅಡ್ಕೆ ಬೇಯ್ಸಿ ಬೇಯ್ಸಿ ನೀರಾಗಿಕ್ಕಿದ್ರೆ ಕೆಂಪಾದದಾ? ಸುಣ್ಣ ಬೀಳ್ದೆ ಯಾವತ್ತಾದ್ರೂ ಬಾಯಿ ಕೆಂಪಾಗೈತಾ? ಅಷ್ಟೂ ಗೊತ್ತಿಲ್ವಲ್ಲಮ್ಮಿ ನಿಂಗೆ."

"ಎಲೇನೂ ಆಕಕ್ಕೆ ಒಂಟಿದ್ರು," ಎಂದಳು ಅಡುಗೆಮನೆ ಕಿಟಕಿಯಿಂದ ಶೋಭತ್ತಿಗೆ. "ನಾನೇ ಕಿತ್ಕಂಡೆ."

ಸೀರೆಯನ್ನು ಎತ್ತಿದೆ. ನೀರು ರಕ್ತದ ಹಾಗೆ ಸುರಿಯಿತು. ಸುಣ್ಣದ ಗಂಟು ತಾಗಿದ ಕಡೆಯೆಲ್ಲ ಕಡುಗೆಂಪು ಮಚ್ಚೆ, ಉಳಿದ ಕಡೆ ಗುಲಾಬಿಗೆ ತಿರುಗಿದ ಕೆಂಪು. ಮಡಿಕೆಯ ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ, "ಇರೋದೊಂದೇ ಸೀರೆ, ಅದನ್ನೂ ಕೆಡಿಸಿಬಿಟ್ಟೆ!" ಎಂದು ಕೂಗಿ ಸೀರೆಯನ್ನು ತಂತಿಯ ಮೇಲೆ ಎಸೆದು ಒಳಗೆ ಹೋದೆ. ಕಾಫಿ ಬೇಡ, ಮಾತು ಬೇಡ. ಗೋಡೆ ಕಡೆ ಮುಖ ಮಾಡಿ ಮಲಗಿದೆ.

ಸಂಜೆ ಶೋಭತ್ತಿಗೆ ಬಂದು ತೋಳು ಹಿಡಿದು ಎಬ್ಬಿಸಿದಳು. ಗಾಳಿಗೆ ಸೀರೆ ಒಣಗಿತ್ತು. ದೊಡ್ಡವ್ವ ಅದರ ಎದುರು ನಿಂತು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಗಾಳಿ ಎಳೆಯುತ್ತಿತ್ತು, ಅವಳು ಬಿಡುತ್ತಿರಲಿಲ್ಲ.

"ಇದೇ ಕಣಮ್ಮಿ," ಎಂದಳು. "ಇದ್ನೇ ಉಟ್ಕಂಡು ನಮ್ಮವ್ವ ನನ್ನ ನೋಡಾಕೆ ಬತ್ತಿದ್ದಿದ್ದು. ಬಸ್ಸಿಳ್ದು ತೆಂಗಿನ ಸಾಲಿನಾಗೆ ನಡ್ಕಂಡು ಬತ್ತಿದ್ರೆ ದೂರದಿಂದ್ಲೇ ಗೊತ್ತಾಗದು." ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದಳು. "ಯಾವತ್ತು ಓಗಾನ ಏಳ್ಲಾ ಆಸ್ಪತ್ರೆಗೆ."

ಮಹೇಶಣ್ಣ ಆಗಲೇ ಫೋನ್ ತೆಗೆದ. ನನ್ನ ಸಿಟ್ಟು ಎಲ್ಲಿ ಹೋಯಿತೋ. ಆದರೆ ಪೊರೆ ತೆಗೆದ ಮೇಲೆ ಏನು ಗತಿ ಎಂಬ ಹೆದರಿಕೆ ಶುರುವಾಯಿತು.

ಮೊದಲು ಬಲಗಣ್ಣು ಎಂದರು ಡಾಕ್ಟರು. ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಅವತ್ತು ಎಲ್ಲರೂ ಹಾಸನದಲ್ಲಿ ನನ್ನ ಮನೆಯಲ್ಲೇ ಉಳಿದರು. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಣ್ಣಿನ ಪಟ್ಟಿ ತೆಗೆಸಿ, ಕಪ್ಪು ಕನ್ನಡಕ ಹಾಕಿಸಿಕೊಂಡು ಬಂದು ದೊಡ್ಡವ್ವ ಕಿಟಕಿ ಹತ್ತಿರ ಕೂತಳು. ಸ್ವಲ್ಪ ಹೊತ್ತು ಕನ್ನಡಕ ಸರಿಸಿ ಸುತ್ತ ನೋಡಿದಳು. ಮೊದಲು ಕಂಡದ್ದು ಮಗನ ಅಂಗಿ.

"ಇದ್ಯಾಕಮ್ಮಿ ಶೋಭ, ಅಂಗಿಯೆಲ್ಲ ನೀಲಿ ಮಾಡ್ಬುಟ್ಟಿದ್ದೀಯ?"

ಶೋಭತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಬಂದ ಸದ್ದು ನಗುವೋ ಅಳುವೋ ನನಗೆ ತಿಳಿಯಲಿಲ್ಲ.

"ಸೀರೆ ತತ್ತಾ" ಎಂದಳು ದೊಡ್ಡವ್ವ. ಚೀಲದಲ್ಲಿ ತಂದಿದ್ದಳು. ಬಿಡಿಸಿ ಮಡಿಲ ಮೇಲೆ ಹರವಿದೆ. ಅವಳು ನೋಡಿದಳು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದಳು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದಳು. ಮತ್ತೆ ಅದಲು ಬದಲು. ಹೀಗೆ ಎಷ್ಟು ಸಲವೋ.

"ಈ ಕಣ್ಣಾಗೆ ಅವ್ವುಂದು," ಎಂದು ಎಡಗಣ್ಣು ತೋರಿಸಿದಳು. "ಈ ಕಣ್ಣಾಗೆ ಬ್ಯಾರೆ ಯಾರ್ದೋ." ಮಗನ ಕಡೆ ತಿರುಗಿ, "ಮಹೇಶ, ಎಡಗಣ್ಣು ಬ್ಯಾಡ ಕಣ್ಲಾ. ಇದು ಇಂಗೇ ಇರ್ಲಿ" ಎಂದಳು.

"ಅವ್ವಾ, ಕುಲ್ಡಾಯ್ತದೆ ಕಣವ್ವ ಅದು!" ಮಹೇಶಣ್ಣ ತಲೆ ಮೇಲೆ ಕೈಹೊತ್ತು ಕೂತ.

"ಆಗ್ಲಿ. ಅಲ್ಲೀಗಂಟ ನೋಡ್ಕತೀನಿ."

ಆಗ ನನ್ನ ಕೈಗೆ ಸೆರಗಿನ ಮೂಲೆಯ ಗಂಟು ಸಿಕ್ಕಿತು. ಪ್ಲಾಸ್ಟಿಕ್ ಸುತ್ತಿ ಕಟ್ಟಿದ್ದೆನಲ್ಲ, ಸಿಟ್ಟಿನಲ್ಲಿ ಮರೆತೇ ಬಿಟ್ಟಿದ್ದೆ. ಹಲ್ಲಿನಲ್ಲಿ ದಾರ ಕಡಿದು ಬಿಡಿಸಿದೆ. ಸುಣ್ಣ ಅದನ್ನು ಮುಟ್ಟಿರಲಿಲ್ಲ. ಮಡಿಕೆಯನ್ನು ಅಗಲಿಸಿ ಅವಳ ಬಲಗಣ್ಣಿನ ಮುಂದೆ ಹಿಡಿದೆ.

ದೊಡ್ಡವ್ವ ಕನ್ನಡಕವನ್ನು ಪೂರ್ತಿ ತೆಗೆದುಬಿಟ್ಟಳು. ಮಡಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಸವರಿದಳು.

"ಅವ್ವಾ" ಎಂದಳು. ಕರೆದ ಹಾಗೆ.

ಶೋಭತ್ತಿಗೆ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತಳು. ಕೆಡಿಸಿದ ಸೀರೆಯ ಬಗ್ಗೆ, ಮತ್ತೆ ಹಾಕಲಾಗದ ಬಣ್ಣದ ಬಗ್ಗೆ ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡವ್ವನೇ ಸೆರಗಿನ ಕಡುಗೆಂಪು ಮಚ್ಚೆಗಳ ಮೇಲೆ ಕೈಯಾಡಿಸಿ ನಕ್ಕಳು.

"ಇದು ನಾನ್ ಮಾಡಿದ್ದು. ಇದು ನಂದು. ಅವ್ವುಂದು ಒಳ್ಗೈತೆ." ಆಮೇಲೆ ಮಗನಿಗೆ, ಅವನ ಮುಖ ನೋಡದೆಯೇ ಹೇಳಿದಳು. "ಆ ಕಣ್ಣೂ ಮಾಡ್ಸ್ಲಾ."

ಮಡಿಕೆಯನ್ನು ಮೊದಲಿದ್ದ ಹಾಗೆ ಮಡಿಚಿ ನನ್ನ ಕೈಗೆ ಕೊಟ್ಟಳು. ನಾನು ಸೂಜಿಗೆ ದಾರ ಪೋಣಿಸಿ, ಹಳೇ ತೂತುಗಳನ್ನೇ ಹುಡುಕಿ ಸಣ್ಣ ಸಣ್ಣ ಹೊಲಿಗೆ ಹಾಕತೊಡಗಿದೆ. ಎರಡು ಹೊಲಿಗೆಯಾಗಿತ್ತೋ ಇಲ್ಲವೋ, ದೊಡ್ಡವ್ವ ಹೊಸ ಕಣ್ಣನ್ನು ಕಿರಿದು ಮಾಡಿ ನನ್ನ ಸೂಜಿಯನ್ನೇ ನೋಡಿದಳು.

"ಅಷ್ಟ್ ಬಿಗಿ ಬ್ಯಾಡ ಕಣಮ್ಮಿ," ಎಂದಳು. "ಬಿಚ್ಚಿ ನೋಡಂಗಿರ್ಲಿ."